ಹೇಳಿಕೊಳ್ಳದ ಕಾಯಿಲೆಯೊಂದರ ಚರಿತ್ರೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ನಾಲ್ಕು ಹನಿ ಮೂತ್ರ ಜಾರುವುದನ್ನು ನಮ್ಮ ಹೆಂಗಸರು ಕಾಯಿಲೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಎರಡು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆಗಳ ವಿಷಯವನ್ನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳ ಹತ್ತಿರವೂ ಹೇಳಿಕೊಳ್ಳುವ ನಾವು, ಇದನ್ನು ಮಾತ್ರ ಗಂಡನಿಗಿರಲಿ, ಒಡಹುಟ್ಟಿದ ಅಕ್ಕನಿಗೂ ಹೇಳುವುದಿಲ್ಲ. ಹೇಳದ ಕಾಯಿಲೆಗೆ ಮದ್ದು ಯಾರು ಕೊಟ್ಟಾರು? ಆದರೆ ಇದಕ್ಕೆ ಮದ್ದೂ ಇದೆ, ಆ ಮದ್ದಿಗೆ ನೂರು ವರ್ಷ ಮೀರಿದ ಚರಿತ್ರೆಯೂ ಇದೆ. ಮಕ್ಕಳಿಗೆ ಇತಿಹಾಸ ಹೇಳಿಕೊಡುವ ನನಗೆ ಯುದ್ಧಗಳ, ಒಪ್ಪಂದಗಳ ಇಸವಿಗಳೆಲ್ಲ ಬಾಯಿಪಾಠ. ಈ ಚರಿತ್ರೆಯ ಇಸವಿಗಳನ್ನು ಮಾತ್ರ ನಾನು ಪಾಠ ಮಾಡಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಮೊದಲು ದೇಹದ ವಿಷಯ ಎರಡು ಮಾತು. ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಜಘನದ ಮೂಳೆಯಿಂದ ಹಿಂದೆ ಬೆನ್ನಿನ ತುದಿಮೂಳೆಯವರೆಗೆ, ಜಂತಿಗೆ ಕಟ್ಟಿದ ಮಗುವಿನ ಜೋಲಿಯ ಹಾಗೆ ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ, ಮೂರಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಜೋಲಿ ವಿಪರೀತ ಹಿಗ್ಗುತ್ತದೆ, ಕೆಲವರಿಗೆ ಹರಿಯುವುದೂ ಉಂಟು. ಅದು ಸಡಿಲವಾಗಿಯೇ ಉಳಿದರೆ ಕೆಮ್ಮಿನ ಒತ್ತಡಕ್ಕೆ ಮೂತ್ರ ಜಾರುತ್ತದೆ. ಕೆಲವರಿಗೆ ಗರ್ಭಕೋಶವೇ ಕೆಳಗಿಳಿಯುತ್ತದೆ. ತೋಳಿನ ಸ್ನಾಯು ವ್ಯಾಯಾಮದಿಂದ ಬಲಗೊಳ್ಳುವಂತೆ ಇದೂ ಬಲಗೊಳ್ಳುತ್ತದೆ. ಇಷ್ಟು ಸರಳವಾದ ಸಂಗತಿ ಹೆಂಗಸರವರೆಗೆ ಬಂದು ಮುಟ್ಟಲು ಹಿಡಿದ ಕಾಲ ಮಾತ್ರ ಬಹಳ.

ಲಂಡನ್ನಿನಿಂದ ಆರಂಭಿಸಬೇಕು. ೧೮೯೪ರಲ್ಲಿ ಅಲ್ಲಿನ ಬ್ರಿಟಿಷ್ ಮೆಡಿಕಲ್ ಜರ್ನಲ್, ಮಾಲೀಸಿನ ಹೆಸರಿನಲ್ಲಿ ಕೆಲವು ಕಡೆ ನಡೆಯುತ್ತಿದ್ದ ಮೈಮಾರುವ ದಂಧೆಯ ಬಗ್ಗೆ ಬರೆದು ಗದ್ದಲವೆಬ್ಬಿಸಿತು. ರೋಗಿಗಳ ಕೈಕಾಲು ತಿಕ್ಕಿ ಮರ್ಯಾದೆಯಿಂದ ಹೊಟ್ಟೆ ಹೊರೆಯುತ್ತಿದ್ದ ದಾದಿಯರಿಗೆ ತಲೆ ಎತ್ತದಂತಾಯಿತು. ಆಗ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಸೇರಿ ತರಬೇತಾದ ಮಾಲೀಸುಗಾರ್ತಿಯರದೇ ಒಂದು ಸಂಘ ಕಟ್ಟಿದರು. ವೈದ್ಯರು ಹೇಳದೆ ಚಿಕಿತ್ಸೆಗೆ ಕೈ ಹಾಕಕೂಡದು ಮುಂತಾದ ಕಟ್ಟುನಿಟ್ಟುಗಳನ್ನು ತಮಗೆ ತಾವೇ ಹಾಕಿಕೊಂಡರು. ಇವರಲ್ಲಿ ಪ್ಯಾಜೆಟ್ ಸೂಲಗಿತ್ತಿಯೂ ಹೌದು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಘದ ಬೇರು ಇದೇ. ಕೆಲಸ ಶುರುಮಾಡುವ ಮೊದಲೇ ಮಾನ ಸಾಬೀತು ಮಾಡಬೇಕಾದ ಗ್ರಹಚಾರ ಹೆಂಗಸರಿಗೆ ಎಲ್ಲ ದೇಶದಲ್ಲೂ ಇದ್ದದ್ದೇ.

೧೯೧೨ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಸೂತಿ ವೈದ್ಯ ಫೇರ್‌ಬೈರ್ನ್, ಅಲ್ಲಿನ ಮಿನ್ನಿ ರ‍್ಯಾಂಡೆಲ್ ಎಂಬಾಕೆಗೆ ಬಾಣಂತಿಯರಿಗಾಗಿ ಕೆಲವು ವ್ಯಾಯಾಮಗಳನ್ನು ರೂಪಿಸಿಕೊಡಲು ಹೇಳಿದರು. ಆ ಕಾಲದಲ್ಲಿ ಅಲ್ಲೂ ಬಾಣಂತಿ ದಿನಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನಮ್ಮ ಬಾಣಂತಿ ಕೋಣೆಯನ್ನು ಹೀಗಳೆಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಎಣ್ಣೆ ನೀರು, ಸಾಂಬ್ರಾಣಿ ಹೊಗೆಯ ಸುಖವಾದರೂ ನಮ್ಮವರಿಗಿತ್ತು. ರ‍್ಯಾಂಡೆಲ್ ಮಲಗಿದಲ್ಲೇ ಮಾಡಬಹುದಾದ ವ್ಯಾಯಾಮಗಳನ್ನು ಕಲಿಸಿದರು. ಮುಂದೆ ಅವರ ಜೊತೆಗೂಡಿದ ಮಾರ್ಗರೆಟ್ ಮಾರಿಸ್ ಮೂಲತಃ ನರ್ತಕಿ. ಕುಣಿಯುವವರಿಗೆ ಮೈಯ ಒಂದೊಂದು ಸ್ನಾಯುವೂ ಗೊತ್ತಿರುತ್ತದಲ್ಲ! ಆಕೆ ನಲವತ್ತರ ಹತ್ತಿರ ಬಂದ ಮೇಲೆ ಇದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕಲಿತರು. ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮಗಳ ಬಗ್ಗೆ ಇಬ್ಬರೂ ಸೇರಿ ಬರೆದ ಪುಸ್ತಕ ೧೯೩೬ರಲ್ಲಿ ಬಂತು.

ಆದರೂ ಜಗತ್ತು ಈ ವ್ಯಾಯಾಮವನ್ನು ಕರೆಯುವುದು ಅಮೆರಿಕದ ಒಬ್ಬ ಗಂಡಸಿನ ಹೆಸರಿನಿಂದ. ಲಾಸ್ ಏಂಜಲೀಸಿನ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೀಗಲ್ ೧೯೪೮ರಲ್ಲಿ ಪ್ರಕಟಿಸಿದ ಲೇಖನದಿಂದ ಅದು ‘ಕೀಗಲ್ ವ್ಯಾಯಾಮ’ ಆಯಿತು. ಹೆಸರಿನ ಬಗ್ಗೆ ನನಗೆ ಸಣ್ಣ ತಕರಾರಿದ್ದರೂ ಮನುಷ್ಯನ ಬಗ್ಗೆ ಗೌರವವಿದೆ. ಏಕೆಂದರೆ ಆತ ಬಾಯಲ್ಲಿ ‘ಬಿಗಿಹಿಡಿಯಮ್ಮ’ ಎಂದು ಹೇಳಿ ಕಳಿಸಿಬಿಡಲಿಲ್ಲ. ಮೊದಲು ಬೆರಳಿನಿಂದ ಪರೀಕ್ಷಿಸಿ, ಆಕೆ ಬಿಗಿಹಿಡಿಯುತ್ತಿರುವುದು ಸರಿಯಾದ ಸ್ನಾಯುವನ್ನೇ ಎಂದು ಖಚಿತಪಡಿಸಿಕೊಳ್ಳುತ್ತಿದ್ದರು. ಆಮೇಲೆ ಪೆರಿನಿಯೋಮೀಟರ್ ಎಂಬ ತಮ್ಮದೇ ಉಪಕರಣವನ್ನು ಕೊಡುತ್ತಿದ್ದರು. ಯೋನಿಯಲ್ಲಿ ಇಟ್ಟುಕೊಳ್ಳುವ ಗಾಳಿ ತುಂಬಿದ ರಬ್ಬರು ಭಾಗ, ಅದಕ್ಕೆ ಕೊಳವೆಯಿಂದ ಜೋಡಿಸಿದ, ರಕ್ತದೊತ್ತಡದ ಯಂತ್ರಕ್ಕಿರುವಂಥ ಮುಳ್ಳಿನ ತಟ್ಟೆ. ಹೆಂಗಸು ಸ್ನಾಯು ಬಿಗಿದರೆ ಮುಳ್ಳು ಏರುತ್ತದೆ. ದಿನಕ್ಕೆ ಮೂರು ಸಲ, ಇಪ್ಪತ್ತಿಪ್ಪತ್ತು ನಿಮಿಷ. ಕಣ್ಣಿಗೆ ಕಾಣದ ಸ್ನಾಯುವಿನ ಬಲ ಮುಳ್ಳಿನಲ್ಲಿ ದಿನದಿನಕ್ಕೆ ಹೆಚ್ಚುವುದನ್ನು ನೋಡಿದಾಗ ಅವಳಿಗೆ ಬರುವ ಉಮೇದು ನನಗೆ ಅರ್ಥವಾಗುತ್ತದೆ. ಮಕ್ಕಳು ತಮ್ಮ ಅಂಕಪಟ್ಟಿ ನೋಡುವುದೂ ಹಾಗೆಯೇ.

ಶೇಕಡಾ ೮೪ರಷ್ಟು ಮಂದಿ ಗುಣವಾದರೆಂದು ಕೀಗಲ್ ಹೇಳಿದರು. ವ್ಯಾಯಾಮ ಮಾಡದವರ ಜೊತೆ ಹೋಲಿಸಿ ನೋಡಿದ ಲೆಕ್ಕ ಅದಲ್ಲ. ಅದೇನೇ ಇರಲಿ, ಅವರ ನಂತರ ನಡೆದದ್ದು ಬೇಸರದ ಕತೆ. ಶಸ್ತ್ರಚಿಕಿತ್ಸೆ ಮುಂದೆ ಬಂತು, ವ್ಯಾಯಾಮ ಹಿಂದೆ ಸರಿಯಿತು. ಉಪಕರಣವೂ ಹೋಯಿತು, ಬೆರಳಿನ ಪರೀಕ್ಷೆಯೂ ಹೋಯಿತು. ಉಳಿದದ್ದು ಕೈಗೆ ಕೊಡುವ ಒಂದು ಚೀಟಿ. ಅದರ ಫಲ ಏನು ಎಂಬುದನ್ನು ಅಮೆರಿಕದಲ್ಲಿ ಬಂಪ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೯೧ರಲ್ಲಿ ತೋರಿಸಿದರು. ೪೭ ಹೆಂಗಸರಿಗೆ ಚುಟುಕಾಗಿ ಬಾಯಿಮಾತಿನಲ್ಲಿ ಹೇಳಿಕೊಟ್ಟು ಅಳೆದು ನೋಡಿದರೆ, ಸರಿಯಾಗಿ ಮಾಡಿದವರು ೨೩ ಮಂದಿ. ೧೨ ಮಂದಿಯಂತೂ ಮೇಲಕ್ಕೆ ಸೆಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು, ಅಂದರೆ ಕಾಯಿಲೆಯನ್ನೇ ಹೆಚ್ಚಿಸುವ ರೀತಿಯಲ್ಲಿ. ನನ್ನಂಥ ಮೇಷ್ಟರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕರಿಹಲಗೆಯ ಮೇಲೆ ಬರೆದು ಒರೆಸಿಬಿಟ್ಟರೆ ಪಾಠ ಮುಗಿಯಿತೆ?

ನಮ್ಮ ಶಾಲೆಗಳ ಮೇಡಂಗಳ ಪಾಡು ಹೇಳಲೇಬೇಕು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಶಿಕ್ಷಕಿಯರಿಗೆ ಬೇರೆ ಶೌಚಾಲಯವೇ ಇರಲಿಲ್ಲ. ಬೆಳಿಗ್ಗೆ ಕುಡಿದ ಕಾಫಿಯ ನಂತರ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಅಲ್ಲಿದ್ದ ಸಹೋದ್ಯೋಗಿಯೊಬ್ಬರು ಡ್ರಿಲ್ ಪೀರಿಯಡ್ಡು ಬಂದರೆ ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಸೋಮಾರಿ ಎಂಬ ಹೆಸರೂ ಬಂತು. ಮಕ್ಕಳೆದುರು ಕುಪ್ಪಳಿಸಿದರೆ ಸೀರೆ ಒದ್ದೆಯಾಗುವ ಭಯ ಅವರದು ಎಂದು ಬಹಳ ತಡವಾಗಿ ತಿಳಿಯಿತು. ಮೂವತ್ತೆಂಟನೆಯ ವಯಸ್ಸಿಗೆ ಅವರ ಗರ್ಭಕೋಶ ತೆಗೆದರು. ‘ಮಕ್ಕಳಾಗಿವೆಯಲ್ಲ, ಇನ್ನೇಕೆ?’ ಎಂಬುದಷ್ಟೇ ಅವರಿಗೆ ಸಿಕ್ಕ ವಿವರಣೆ. ಅದಕ್ಕೆ ಮುಂಚೆ ವ್ಯಾಯಾಮವೆಂಬ ಮಾತನ್ನು ಯಾರೂ ಎತ್ತಲಿಲ್ಲ. ಮೂತ್ರ ಜಾರುವುದು ಆಮೇಲೂ ನಿಲ್ಲಲಿಲ್ಲ.

ಇದನ್ನೆಲ್ಲ ಹೇಳಿದಾಗ, ನಮ್ಮ ಯೋಗದಲ್ಲಿ ಮೂಲಬಂಧ ಇಲ್ಲವೇ, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎನ್ನುವವರು ಸಿಗುತ್ತಾರೆ. ಮೂಲಬಂಧ ಇರುವುದು ನಿಜ. ಹಠಯೋಗ ಪ್ರದೀಪಿಕೆಯಲ್ಲಿದೆ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ೧೯೬೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಯೋಗದ ಪುಸ್ತಕದಲ್ಲೂ ಇದೆ. ಆದರೆ ಹಠಯೋಗಿಯ ಗುರಿ ಅಪಾನವನ್ನು ಮೇಲಕ್ಕೆತ್ತಿ ಪ್ರಾಣದೊಡನೆ ಕೂಡಿಸುವುದು. ಹೆತ್ತು ಸೋತವಳ ಮೈಯ ಚಿಂತೆ ಅಲ್ಲಿನದಲ್ಲ.

ಹಿಂದೆ ಸರಿದ ವ್ಯಾಯಾಮವನ್ನು ಮತ್ತೆ ಮುಂದೆ ತಂದವರಲ್ಲಿ ನಾರ್ವೆಯ ಫಿಸಿಯೋಥೆರಪಿಸ್ಟ್ ಕಾರಿ ಬೋ ಮುಖ್ಯರು. ೧೯೯೯ರಲ್ಲಿ ಅವರೂ ಸಂಗಡಿಗರೂ ಕೆಮ್ಮು, ಓಟಗಳಿಗೆ ಮೂತ್ರ ಜಾರುತ್ತಿದ್ದ ೧೦೭ ಹೆಂಗಸರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ‘ನನಗೀಗ ತೊಂದರೆಯಿಲ್ಲ’ ಎಂದವರು, ವ್ಯಾಯಾಮದ ಗುಂಪಿನ ೨೫ ಜನರಲ್ಲಿ ೧೪. ವಿದ್ಯುತ್ ಚಿಕಿತ್ಸೆ ಪಡೆದ ೨೫ರಲ್ಲಿ ೩. ಒಳಗಿಟ್ಟುಕೊಳ್ಳುವ ತೂಕದ ಗುಂಡು ಬಳಸಿದ ೨೭ರಲ್ಲಿ ೨. ಯಾವ ಚಿಕಿತ್ಸೆಯೂ ಇಲ್ಲದ ೩೦ರಲ್ಲಿ ಒಬ್ಬಳು. ವ್ಯಾಯಾಮವೆಂದರೆ ದಿನಕ್ಕೆ ಮೂರು ಸಲ, ಪ್ರತಿ ಸಲ ೮ರಿಂದ ೧೨ ಬಾರಿ ಬಿಗಿಹಿಡಿಯುವುದು. ಜೊತೆಗೆ ವಾರಕ್ಕೊಂದು ತರಗತಿ, ಎದುರಿಗೆ ಕಲಿಸುವವರು. ೨೦೦೬ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ, ಹೀಗೆ ಮೂತ್ರ ಜಾರುವವರಿಗೆ ಮೊದಲು ಕೊಡಬೇಕಾದದ್ದು ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳ ಈ ವ್ಯಾಯಾಮವನ್ನೇ ಎಂದಿತು.

ಗರ್ಭಕೋಶವೋ ಮೂತ್ರಕೋಶವೋ ಕೆಳಗೆ ಜಾರಿದವರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ವರದಿ ೨೦೧೪ರಲ್ಲಿ ಬಂತು. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ೪೪೭ ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ೧೬ ವಾರಗಳಲ್ಲಿ ಐದು ಸಲ ಫಿಸಿಯೋಥೆರಪಿಸ್ಟರೇ ಖುದ್ದಾಗಿ ಕಲಿಸಿದರು. ಇನ್ನೊಂದು ಪಾಲಿನವರಿಗೆ ಸಲಹೆಗಳ ಕರಪತ್ರ ಕೊಟ್ಟರು. ವರ್ಷದ ಕೊನೆಗೆ ತಮ್ಮ ತೊಂದರೆ ಹೆಚ್ಚು ತಗ್ಗಿದೆ ಎಂದವರು ಕಲಿಸಿಕೊಂಡ ಪಾಲಿನವರು.