ಪೋಥಿ, ಗುಟಕಾ ಮತ್ತು ಶ್ರಾವಕನ ಗ್ರಂಥಸಂಗ್ರಹ

ಶಾಸ್ತ್ರದಾನವು ಶ್ರಾವಕನಿಗೆ ವಿಹಿತವಾದ ದಾನಗಳಲ್ಲೊಂದು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಅರಿಯದ ಕನ್ನಡಿಗರು ವಿರಳ. ಆ ಪ್ರತಿಗಳೆಲ್ಲ ಓಲೆಯ ಕಟ್ಟುಗಳು. ತಾಳೆಗರಿಯನ್ನು ಮಡಿಸಿದರೆ ಮುರಿಯುತ್ತದೆ. ಆದುದರಿಂದ ಅದನ್ನು ಹೊಲಿಯುವಂತಿಲ್ಲ. ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಬಟ್ಟೆಯಲ್ಲಿ ಸುತ್ತುವುದೇ ಅದರ ರಕ್ಷಾಕವಚ. ದಾರ ಹರಿದರೆ ಗರಿಗಳ ಕ್ರಮ ತಪ್ಪುವುದುಂಟು. ಆದರೆ ಶಿಥಿಲವಾದ ಒಂದು ಗರಿಯನ್ನು ತೆಗೆದು ಹೊಸದನ್ನಿರಿಸುವ ಸೌಕರ್ಯವು ಹೊಲಿದ ಪುಸ್ತಕಕ್ಕೆಲ್ಲಿಯದು?

ಹದಿನಾಲ್ಕನೆಯ ಶತಮಾನದಿಂದ ಗುಜರಾತ್, ರಾಜಸ್ಥಾನಗಳ ಜೈನ ಲಿಪಿಕಾರರು ಕಾಗದವನ್ನು ಹೆಚ್ಚುಹೆಚ್ಚಾಗಿ ಬಳಸತೊಡಗಿದರು. ಕಾಗದವನ್ನು ಮಡಿಸಿ ಹೊಲಿಯಬಹುದಿತ್ತು. ಆದರೂ ಶಾಸ್ತ್ರಗ್ರಂಥಗಳು ತಾಳೆಗರಿಯ ಅಡ್ಡನೀಳ ಆಕಾರವನ್ನೇ ಉಳಿಸಿಕೊಂಡವು. ಇನ್ನೂ ಸೋಜಿಗವೆಂದರೆ, ಕಲ್ಪಸೂತ್ರದ ಅನೇಕ ಪ್ರತಿಗಳಲ್ಲಿ ಪತ್ರದ ನಡುವೆ, ದಾರದ ರಂಧ್ರವಿರಬೇಕಾಗಿದ್ದ ಸ್ಥಳದಲ್ಲಿ, ಕೆಂಪು ವೃತ್ತವೊಂದನ್ನು ಬರೆದಿರುತ್ತಾರೆ. ದಾರವಿಲ್ಲ, ರಂಧ್ರವಿಲ್ಲ, ಅದರ ನೆನಪು ಮಾತ್ರ ಇದೆ. ಇದನ್ನು ಬರಿಯ ಸಂಪ್ರದಾಯದ ಜಡತೆಯೆನ್ನಲಾಗದು. ಸಭೆಯಲ್ಲಿ ವ್ಯಾಖ್ಯಾನಿಸುವವರು ಬೇಕಾದ ನಾಲ್ಕಾರು ಪತ್ರಗಳನ್ನಷ್ಟೇ ಕೈಯಲ್ಲಿ ಹಿಡಿದು ಓದಲು ಬಿಡಿ ಪತ್ರಗಳ ಪೋಥಿಯೇ ಅನುಕೂಲ.

ಮನೆಯ ಓದುಗನ ಅಗತ್ಯ ಬೇರೆಯದಾಗಿತ್ತು. ಅವನಿಗೆ ಗುಟಕಾ ಒದಗಿತು. ಕಾಗದವನ್ನು ಮಡಿಸಿ ಹೊಲಿದ ಈ ಕಿರುಹೊತ್ತಗೆಗಳು ಜಯಪುರದ ಶಾಸ್ತ್ರಭಂಡಾರಗಳಲ್ಲಿ ಹೇರಳವಾಗಿವೆ. ಸ್ತೋತ್ರ, ಪೂಜೆ, ಕಥೆ, ಹಿಂದಿಯ ಪದಗಳು, ನಡುನಡುವೆ ಔಷಧದ ಯೋಗಗಳು ಒಂದೇ ಗುಟಕಾದಲ್ಲಿ ಬೇರೆಬೇರೆ ಕೈಬರಹಗಳಲ್ಲಿ ಸಿಗುತ್ತವೆ. ಪೋಥಿ ದಾನಕ್ಕೆ, ಗುಟಕಾ ಬಳಕೆಗೆ ಎಂದರೆ ತಪ್ಪಾಗಲಾರದು. ಗ್ರಂಥಸೂಚಿಕಾರರು ಗುಟಕಾಗಳನ್ನು ಕಡೆಗೆ ಹಾಕಿದ್ದೂ ಉಂಟು. ಗೃಹಸ್ಥನೊಬ್ಬನ ನಿಜವಾದ ರುಚಿ ತಿಳಿಯುವುದು ಅವುಗಳಿಂದಲೇ.

ಇನ್ನು ಹೊದಿಕೆಯ ಪ್ರಶ್ನೆ. ಪಾರಸಿಕ ಮತ್ತು ಐರೋಪ್ಯ ಪುಸ್ತಕಗಳಿಗೆ ಚರ್ಮವೇ ಭೂಷಣ. ಅಹಿಂಸಾವ್ರತಿಗೆ ಜಿನವಾಣಿಯನ್ನು ಚರ್ಮದಲ್ಲಿ ಸುತ್ತುವುದು ಹೇಗೆ ಒಪ್ಪಿಗೆಯಾದೀತು? ಬಟ್ಟೆ ಮತ್ತು ಹಲಗೆ ಅವನ ಸಹಜವಾದ ಆಯ್ಕೆ. ಜೈಸಲ್ಮೇರಿನ ಭಂಡಾರದ ಚಿತ್ರಿತ ಫಲಕಗಳು ಆ ಆಯ್ಕೆ ಎಷ್ಟು ಸುಂದರವಾಗಬಲ್ಲದೆಂಬುದನ್ನು ತೋರಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆಯ ಹೊದಿಕೆಯ ಮುದ್ರಿತ ಪುಸ್ತಕಗಳು ಬಂದಾಗ ಸಮಸ್ಯೆ ಪರಿಹಾರವಾದಂತೆ ಕಂಡಿತು. ಆದರೆ ರಟ್ಟನ್ನು ಅಂಟಿಸುತ್ತಿದ್ದ ಸರೇಸು ತೊಗಲು, ಮೂಳೆಗಳನ್ನು ಬೇಯಿಸಿ ತೆಗೆದದ್ದು! ಅಂಟು ಬೇಡದ ಪೋಥಿಗೆ ಈ ತೊಡಕಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆಗಮೋದಯ ಸಮಿತಿಯು ಆಗಮಗಳನ್ನು ಮುದ್ರಿಸಿದಾಗಲೂ ಬಿಡಿ ಪತ್ರಗಳ ಪೋಥಿಯ ರೂಪವನ್ನು ಕೈಬಿಡಲಿಲ್ಲ.

ಇನ್ನು ದಿಗಂಬರರ ಮಾತು. ಹೀರಾಲಾಲ ಜೈನರು ಸಂಪಾದಿಸಿದ ಧವಲಾ ಟೀಕೆಯು 1939ರಿಂದ 16 ಸಂಪುಟಗಳಾಗಿ, ಹೊಲಿದು ರಟ್ಟು ಕಟ್ಟಿದ ಪುಸ್ತಕದ ರೂಪದಲ್ಲಿಯೂ ಹೊರಬಂದಿತು. ಅದರ ಮೂಲವಾದ ಮೂಡಬಿದಿರೆಯ ಓಲೆಗಳಾದರೋ ಓಲೆಗಳಾಗಿಯೇ ಉಳಿದವು. ಶ್ರುತಪಂಚಮಿಯಂದು ಭಂಡಾರಗಳಲ್ಲಿ ಹಳೆಯ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಬಿಸಿಲು ಕಾಣಿಸಿ, ಹೊಸ ವಸ್ತ್ರದಲ್ಲಿ ಸುತ್ತುವ ರೂಢಿ ಇಂದಿಗೂ ಇದೆ.