ಸೂಜಿಯ ಮೊನೆ, ಬೆರಳಿನ ಒತ್ತು

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಊರು ಭರಮಸಾಗರ. ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಊರೂ ಅಲ್ಲಿಯ ದೊಡ್ಡ ಕೆರೆಯೂ ಇಂದಿಗೂ ಹೊತ್ತಿವೆ. ಆ ಸೀಮೆಯ ಈರುಳ್ಳಿ, ಮೆಕ್ಕೆಜೋಳದ ಹೊಲಗಳಲ್ಲಿ ಬಗ್ಗಿ ದುಡಿದವರಿಗೆ ವಯಸ್ಸಾದಂತೆ ಸೊಂಟ, ಮಂಡಿ ಮಾತಾಡತೊಡಗುತ್ತವೆ. ಎಣ್ಣೆ ತಿಕ್ಕಿದ್ದಾಯಿತು, ಮಾತ್ರೆ ನುಂಗಿದ್ದಾಯಿತು. ಆಗ ನೆರೆಮನೆಯವರು, “ಪೇಟೆಯಲ್ಲಿ ಸೂಜಿ ಚುಚ್ಚಿ ನೋವು ತೆಗೀತಾರಂತೆ, ಒಂದ್ಸಲ ಹೋಗಿ ಬರಬಾರದೇನಮ್ಮಾ?” ಎನ್ನುತ್ತಾರೆ. ಹೋಗುವ ಮುನ್ನ ಈ ವಿದ್ಯೆ ಎಲ್ಲಿಂದ ಬಂತು, ಅದರಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಮೈಗೆ ನೋವು ಕೊಟ್ಟು ನೋವು ಕಳೆಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕಾಮಾಲೆಗೂ ಮಕ್ಕಳ ಹೊಟ್ಟೆನೋವಿಗೂ ಬರೆ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಸುಶ್ರುತ ಸಂಹಿತೆಯಲ್ಲಿ 107 ಮರ್ಮಗಳ ಎಣಿಕೆಯಿದೆ. ಆದುದರಿಂದ ಸೂಜಿ ಚಿಕಿತ್ಸೆಯೂ ನಮ್ಮದೇ ಎನ್ನುವವರುಂಟು. ಆದರೆ ಸುಶ್ರುತನು ಮರ್ಮಗಳನ್ನು ಎಣಿಸಿದ್ದು ಮುಖ್ಯವಾಗಿ ಅಲ್ಲಿ ಪೆಟ್ಟು ಬಿದ್ದರೆ ಅಪಾಯವೆಂದು ಎಚ್ಚರಿಸಲು. ಅಲ್ಲಿ ಚುಚ್ಚಿ ವಾಸಿಮಾಡಿರೆಂದು ಹೇಳಲು ಅಲ್ಲ.

ಸೂಜಿಯ ವಿದ್ಯೆ ಚೀನದ್ದು. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿಯ ಸಮಾಧಿಯಲ್ಲಿ ದೊರೆತ ಬರಹಗಳಲ್ಲಿ ದೇಹದ ನಾಳಗಳ ವಿವರವಿದೆ, ಸೊಪ್ಪು ಸುಟ್ಟು ಕಾವು ಕೊಡುವ ಕ್ರಮವಿದೆ, ಸೂಜಿಯ ಮಾತಿಲ್ಲ. ಅನಂತರ ರೂಪುಗೊಂಡ ‘ಹುವಾಂಗ್‌ದಿ ನೆಯ್‌ಜಿಂಗ್’ ಎಂಬ ಗ್ರಂಥದಲ್ಲಿ ಸೂಜಿಗೆ ಸ್ಥಾನ ದೊರೆಯಿತು. ‘ಛಿ’ ಎಂಬ ಪ್ರಾಣಶಕ್ತಿ ನಾಳಗಳಲ್ಲಿ ಹರಿಯುತ್ತದೆ, ತಡೆಯಾದರೆ ರೋಗ, ತಡೆ ಬಿಡಿಸಿದರೆ ಆರೋಗ್ಯ ಎಂಬುದು ಅದರ ತತ್ತ್ವ. ವಿಲ್ಲೆಮ್ ತೆನ್ ರೈನೆ ಎಂಬ ಡಚ್ ವೈದ್ಯನು 1683ರಲ್ಲಿ ಯೂರೋಪಿಗೆ ಇದನ್ನು ಪರಿಚಯಿಸಿದನು. ಲ್ಯಾಟಿನ್ ಭಾಷೆಯ ‘ಸೂಜಿ’ ಮತ್ತು ‘ಚುಚ್ಚು’ ಪದಗಳು ಕೂಡಿ ‘ಅಕ್ಯುಪಂಕ್ಚರ್’ ಆಯಿತು. ತೌರಿನಲ್ಲಿಯೂ ಅದಕ್ಕೆ ಸದಾ ಮನ್ನಣೆಯಿರಲಿಲ್ಲ. 1822ರಲ್ಲಿ ಚೀನದ ಚಕ್ರವರ್ತಿಯೇ ತನ್ನ ಅರಮನೆಯ ವೈದ್ಯಶಾಲೆಯಿಂದ ಅದನ್ನು ಹೊರಗಿಟ್ಟನು. 1950ರ ದಶಕದಲ್ಲಿ ಹೊಸ ಸರ್ಕಾರವು ಅದಕ್ಕೆ ಮತ್ತೆ ಜೀವ ಕೊಟ್ಟಿತು.

ಭಾರತಕ್ಕೆ ಅದು ಬಂದ ಕಥೆ ನಮ್ಮ ನೆರೆಯಲ್ಲಿಯೇ ಮೊದಲಾಗುತ್ತದೆ. ಕನ್ನಡದ ಮಾತೂ ಕೇಳಿಬರುವ ಗಡಿನಾಡಾದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೋಟ್ನಿಸ್. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅವರ ಜೊತೆ ಹೋಗಿದ್ದ ಡಾ. ಬಿಜಯ್ ಕುಮಾರ್ ಬಸು ಮರಳಿ ಬಂದರು. ಮುಂದೆ ಮತ್ತೊಮ್ಮೆ ಚೀನಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಕೇಂದ್ರ ಸರ್ಕಾರವು 2003ರಲ್ಲಿ ಇದನ್ನು ಚಿಕಿತ್ಸೆಯ ಒಂದು ವಿಧಾನವೆಂದೂ, 2019ರಲ್ಲಿ ಒಂದು ಸ್ವತಂತ್ರ ಪದ್ಧತಿಯೆಂದೂ ಒಪ್ಪಿತು.

ಪುರಾತನವಾದುದೆಲ್ಲ ಪರಿಣಾಮಕಾರಿಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಕಾಲದ ವೈದ್ಯರು ಇದನ್ನು ಪರೀಕ್ಷಿಸಿದ್ದಾರೆ. ಕೆಲವು ರೋಗಿಗಳಿಗೆ ಶಾಸ್ತ್ರೋಕ್ತ ಸ್ಥಾನದಲ್ಲಿ ಚುಚ್ಚಿದರು, ಕೆಲವರಿಗೆ ಚುಚ್ಚಿದಂತೆ ನಟಿಸಿದರು. ಸೊಂಟನೋವು, ಮಂಡಿನೋವು, ತಲೆನೋವುಗಳಲ್ಲಿ ಎರಡು ಗುಂಪಿಗೂ ಹಾಯೆನಿಸಿತು. ನಿಜವಾದ ಸೂಜಿಯಿಂದಾದ ಹೆಚ್ಚಿನ ಲಾಭ ಅಲ್ಪ. ಶಸ್ತ್ರಚಿಕಿತ್ಸೆಯ ಅನಂತರದ ವಾಕರಿಕೆಗೆ ಮಣಿಕಟ್ಟಿನ ಒಳಮಗ್ಗುಲಲ್ಲಿ ಒತ್ತುವುದು ಉಪಯುಕ್ತವೆಂಬುದಕ್ಕೆ ಸಾಕಷ್ಟು ಆಧಾರವಿದೆ. ‘ಛಿ’ ಹರಿಯುವ ನಾಳಗಳನ್ನು ಮಾತ್ರ ಶರೀರಶಾಸ್ತ್ರಜ್ಞರು ಕಂಡಿಲ್ಲ.

ಇನ್ನು ಹೋದರೆ ಏನಾಗುತ್ತದೆ? ಸೂಜಿ ಕೂದಲಿನಷ್ಟು ಸಣ್ಣದು, ಇಂಜೆಕ್ಷನ್ನಿನ ಸೂಜಿಯಂತಲ್ಲ. ಚುಚ್ಚಿದಾಗ ಇರುವೆ ಕಡಿದಂತೆ, ಆಮೇಲೆ ಜೋಮು ಹಿಡಿದಂತೆ ಅಥವಾ ಭಾರವಾದಂತೆ ಅನಿಸಬಹುದು. ಅರ್ಧ ಗಂಟೆ ಅಲುಗದೆ ಮಲಗಬೇಕು. ಒಂದೇ ದಿನದಲ್ಲಿ ಮುಗಿಯದು, ಹಲವು ಸಲ ಹೋಗಬೇಕಾಗುತ್ತದೆ. ಒಂದು ಹನಿ ರಕ್ತ, ಸ್ವಲ್ಪ ಕಂದು, ಕೆಲವರಿಗೆ ತಲೆಸುತ್ತು ಬರುವುದುಂಟು. ಅಪರೂಪಕ್ಕೆ, ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ಗಾಯವಾದದ್ದೂ ಉಂಟು. ಒತ್ತು ಚಿಕಿತ್ಸೆಯಲ್ಲಿ ಸೂಜಿಯಿಲ್ಲ, ಬೆರಳೇ ಸಾಧನ. ಅಪಾಯವೂ ಅಷ್ಟು ಕಡಿಮೆ.

ಹೋಗುವವರು ನಾಲ್ಕು ಮಾತು ನೆನಪಿಡಿ. ಚಿಕಿತ್ಸಕರು ಎಲ್ಲಿ ಕಲಿತವರೆಂದು ಕೇಳಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲಿ. ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮುಂಚೆಯೇ ತಿಳಿಸಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದ ಔಷಧಿಯನ್ನು ಯಾರು ಹೇಳಿದರೂ ತಾವಾಗಿ ನಿಲ್ಲಿಸಕೂಡದು. ಎದೆ ಹಿಂಡಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸ್ವಾಧೀನ ತಪ್ಪಿದರೆ ಸೂಜಿಯ ಮನೆಗಲ್ಲ, ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು.

ನೋವು ಒಂದಿಷ್ಟು ಇಳಿದು ರಾತ್ರಿ ನಿದ್ದೆ ಹತ್ತಿದರೆ ಅದೇನು ಸಣ್ಣ ಲಾಭವಲ್ಲ. ಅಷ್ಟನ್ನು ನಿರೀಕ್ಷಿಸಿ ಹೋಗಿ. ಸವೆದ ಮಂಡಿ ಮತ್ತೆ ಹೊಸದಾಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ, ಹಣವನ್ನು ಸೆರಗಿನಲ್ಲಿಯೇ ಗಂಟು ಹಾಕಿಕೊಂಡು ಮನೆಗೆ ಹಿಂದಿರುಗಿ.