ಮನೆಗೆ ಮರಳಿದವರು, ಮರಳದವರು

ನಮ್ಮ ಕಡೆ ಹೊಳೆಯೆಂದರೆ ತುಂಗಭದ್ರೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲೂಕುಗಳು 1953ರ ಅಕ್ಟೋಬರ್ 1ರ ವರೆಗೆ ಮದರಾಸಿಗೆ ಸೇರಿದ್ದವು. ಹಗರಿಬೊಮ್ಮನಹಳ್ಳಿ ಆಗಿನ್ನೂ ತಾಲೂಕಾಗಿರಲಿಲ್ಲ. ಹೊಳೆ ದಾಟಿ ಕೊಪ್ಪಳದ ಕಡೆಗೆ ಹೋದರೆ ನಿಜಾಮನ ಸೀಮೆ. ಹೆಣ್ಣು ಕೊಟ್ಟು ತರುವುದಕ್ಕಾಗಲಿ, ಕೊಟ್ಟೂರಿನ ತೇರಿಗೆ ಬರುವುದಕ್ಕಾಗಲಿ ಈ ಗಡಿ ಅಡ್ಡಬಂದದ್ದಿಲ್ಲ. 1947-48ರಲ್ಲಿ ಮಾತ್ರ ಅದು ಗಡಿಯೇ ಆಯಿತು. ರಜಾಕಾರರ ಹಾವಳಿಗೆ ಬೆದರಿದ ಅನೇಕ ಕುಟುಂಬಗಳು ಮನೆಮಾರು ಬಿಟ್ಟು ಮದರಾಸು, ಮುಂಬಯಿ ಪ್ರಾಂತಗಳ ಗಡಿಯೂರುಗಳನ್ನು ಸೇರಿದವು. ಹಡಗಲಿಯಿಂದ ಹೊಳೆಯಾಚೆಗಿರುವ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರವಿತ್ತು. 1948ರ ಸೆಪ್ಟೆಂಬರಿನಲ್ಲಿ ಐದು ದಿನಗಳ ಪೋಲೀಸು ಕಾರ್ಯಾಚರಣೆ ಮುಗಿದ ಮೇಲೆ ದಾರಿ ತೆರೆಯಿತು. ಬಂದವರು ಗಂಟುಮೂಟೆ ಕಟ್ಟಿಕೊಂಡು ತಾವಾಗಿಯೇ ಊರಿಗೆ ಹೊರಟರು. ಅದಕ್ಕೊಂದು ಕಾಯಿದೆ ಬೇಕಾಗಲಿಲ್ಲ.

ನಮ್ಮವರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದು ಅರ್ಧ ಕಥೆಯೆಂದು ತೋರುತ್ತದೆ. ಉಳಿದರ್ಧ ತಿಳಿಯಬೇಕಾದರೆ ಅದೇ ಕಾಲದ ಪಂಜಾಬಿನ ಸಂಗತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ದೇಶ ಇಬ್ಭಾಗವಾದಾಗ ಅಲ್ಲಿ ಎರಡು ಕಡೆಯೂ ಸಾವಿರಾರು ಹೆಂಗಸರ ಅಪಹರಣವಾಯಿತು. ಅವರನ್ನು ಹುಡುಕಿ ಮನೆಗೆ ಮುಟ್ಟಿಸುವ ಕೆಲಸಕ್ಕೆ ಮೃದುಲಾ ಸಾರಾಭಾಯಿ, ರಾಮೇಶ್ವರಿ ನೆಹರೂ ಮೊದಲಾದವರು ಟೊಂಕಕಟ್ಟಿ ನಿಂತರು. ಸರಕಾರದ ಬೆನ್ನು ಬಿಡಲಿಲ್ಲ. 1947ರ ಡಿಸೆಂಬರಿನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. ಎರಡು ವರ್ಷಗಳ ತರುವಾಯ ಗೋಪಾಲಸ್ವಾಮಿ ಅಯ್ಯಂಗಾರರು ಮಂಡಿಸಿದ ಮಸೂದೆ ಕಾಯಿದೆಯಾಯಿತು. ಒಟ್ಟು ಸುಮಾರು 30,000 ಹೆಂಗಸರು, ಮಕ್ಕಳು ಹೀಗೆ ಹಿಂದಿರುಗಿದರು. ಇಷ್ಟು ಕೆಲಸ ಕಚೇರಿಯ ಕಾಗದಗಳಿಂದ ಆಗುವುದಲ್ಲ. ಬಾಗಿಲು ಬಡಿದವರಿದ್ದುದರಿಂದ ಆಯಿತು.

ಆದರೆ ಕಾಯಿದೆಯನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. 1947ರ ಮಾರ್ಚ್ 1ರ ತರುವಾಯ ಕುಟುಂಬದಿಂದ ಅಗಲಿ ಅನ್ಯಮತದವರೊಡನೆ ಇರುವ ಹೆಣ್ಣು, ಯಾವ ವಯಸ್ಸಿನವಳಾಗಿರಲಿ, ಅಪಹೃತಳೇ. ಆಮೇಲೆ ಹುಟ್ಟಿದ ಅವಳ ಕೂಸೂ ಹಾಗೆಯೇ. ಪೋಲೀಸರು ವಾರಂಟಿಲ್ಲದೆ ಮನೆ ಹೊಕ್ಕಬಹುದು. ಹೊಸ ಮನೆಯಲ್ಲಿಯೇ ಇರುತ್ತೇನೆಂದು ಅವಳೆಂದರೆ? ಆ ಮಾತಿಗೆ ಕಾಯಿದೆಯಲ್ಲಿ ಜಾಗವಿರಲಿಲ್ಲ. ಇದು ಸರಿಯಲ್ಲವೆಂದು ರಾಮೇಶ್ವರಿ ನೆಹರೂ ಅವರು 1949ರಲ್ಲಿ ಈ ಕೆಲಸದಿಂದ ಹೊರಬಂದರು. ಅವರದೇ ನ್ಯಾಯವೆಂದು ನನ್ನ ಎಣಿಕೆ. 1952ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1957ರ ವರೆಗೆ ಅದು ನಡೆಯಿತು.

ಈಗ ನಮ್ಮ ಕಡೆಗೆ ಬರೋಣ. ಪೋಲೀಸು ಕಾರ್ಯಾಚರಣೆಯ ಬೆನ್ನಿಗೆ ಹೈದರಾಬಾದು ಸೀಮೆಯಲ್ಲಿ ಮುಸಲ್ಮಾನರ ಮೇಲೆ ಸೇಡಿನ ಕೈ ಬಿತ್ತು. ರಜಾಕಾರರ ದೌರ್ಜನ್ಯವನ್ನು ನೆನೆಯುವ ನಾವು ಇದನ್ನು ಮರೆಯುವುದು ಲಕ್ಷಣವಲ್ಲ. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಬೀದರ, ಕಲಬುರ್ಗಿ ಜಿಲ್ಲೆಗಳನ್ನು ಹೆಚ್ಚು ನೊಂದವುಗಳ ಸಾಲಿಗೆ ಸೇರಿಸಿತು; ಸತ್ತವರು ಕಡಿಮೆಯೆಂದರೆ 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಂಗಸರ ಅಪಹರಣವನ್ನೂ ಬರೆಯಿತು. ಸರಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಹಲವು ದಶಕ ಅದು ಕಡತದಲ್ಲಿ ಮಲಗಿತು.

1949ರ ಕಾಯಿದೆ ಪೂರ್ವಪಂಜಾಬು, ದಿಲ್ಲಿ, ಸಂಯುಕ್ತಪ್ರಾಂತ, ಪಟಿಯಾಲಾ ಒಕ್ಕೂಟ, ರಾಜಸ್ಥಾನಗಳಿಗೆ ಅನ್ವಯಿಸಿತು. ಹೈದರಾಬಾದಿನ ಹೆಸರು ಅದರಲ್ಲಿಲ್ಲ. ಪಂಜಾಬಿನ ಹೆಣ್ಣಿಗೆ, ಅವಳ ಇಚ್ಛೆಯನ್ನು ಕೇಳದಿದ್ದರೂ, ಹುಡುಕಿಕೊಂಡು ಬರುವವರಿದ್ದರು. ಇಲ್ಲಿಯವಳ ಪರವಾಗಿ ಕಾಯಿದೆ ಮಾಡಿಸುವಷ್ಟು ಗಟ್ಟಿಯಾದ ದನಿ ದಿಲ್ಲಿಯಲ್ಲಿ ಏಳಲಿಲ್ಲ. ಕೆಲವರನ್ನು ಸೊಲ್ಲಾಪುರದವರೆಗೂ ಒಯ್ದರೆಂದು ಆ ವರದಿಯೇ ಹೇಳುತ್ತದೆ. ಸೊಲ್ಲಾಪುರ, ಕಲಬುರ್ಗಿ ಒಂದೇ ರೈಲುದಾರಿಯ ಮೇಲಿನ ಊರುಗಳು.